ತಬ್ಬಲಿ ಮಕ್ಕಳ ಕಥೆಗಳು: ಜತ್ತದ ನೆಲದಿಂದ ಒಂದು ಸಮೀಕ್ಷೆ

ತಂದೆತಾಯಿಗಳನ್ನು ಕಳೆದುಕೊಂಡ ಶಿಶುವೊಂದು ಪರರ ಆಶ್ರಯದಲ್ಲಿ ಬೆಳೆದು, ಬುದ್ಧಿ ತಿಳಿದೊಡನೆ ತನ್ನವರು ಯಾರು, ಎಲ್ಲಿರುವರು ಎಂದು ಅರಸುತ್ತ ಮನೆಯಿಂದ ಹೊರಡುವುದೂ, ಕಾಡು ಹೊಳೆ ಊರುಗಳನ್ನು ದಾಟಿ ಕಡೆಗೆ ಯಾವುದೋ ಒಂದು ಬಾಗಿಲಲ್ಲಿ ಉತ್ತರವನ್ನು ಪಡೆಯುವುದೂ ಮಕ್ಕಳಿಗಾಗಿ ಮನುಷ್ಯನು ಕಟ್ಟಿದ ಕಥೆಗಳಲ್ಲಿ ಬಹು ಪ್ರಾಚೀನವಾದ ಹಂದರ. ಈ ಕಥೆ ಕನ್ನಡದಲ್ಲಿ ಯಾವ ಯಾವ ರೂಪಗಳನ್ನು ತಾಳಿದೆ, ಅದರೊಳಗಿನ ಭರವಸೆ ಎಲ್ಲಿಂದ ಹುಟ್ಟುತ್ತದೆ, ಇಂದಿನ ಮಗುವಿಗೆ ಅದನ್ನು ಹೇಗೆ ಹೇಳಿದರೆ ಸುಳ್ಳಾಗದೆ ಸಾಂತ್ವನವಾದೀತು ಎಂಬ ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಅಲ್ಲದೆ ಒಟ್ಟಾಗಿ ವಿಚಾರಿಸುವುದು ಅವಶ್ಯವೆಂದು ನನಗೆ ತೋರುತ್ತದೆ.

ಈ ವಿಚಾರಣೆಗೆ ಸಾಂಗಲಿ ಜಿಲ್ಲೆಯ ಜತ್ತ ತಾಲೂಕನ್ನು ನೆಲೆಯಾಗಿ ಆರಿಸಿಕೊಂಡುದಕ್ಕೆ ಕಾರಣವಿದೆ. ಡಫಳೆ ಮನೆತನದವರು ಆಳುತ್ತಿದ್ದ ಜತ್ತ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದೊಳಗೆ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯದಲ್ಲಿಯೇ ಉಳಿದು 1960ರಿಂದ ಮಹಾರಾಷ್ಟ್ರದ ಭಾಗವಾಗಿದೆ. ಉಮದಿ, ಸಂಖ, ಬಾಲಗಾಂವ, ಗುಡ್ಡಾಪುರಗಳಂತಹ ಊರುಗಳಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳ ಮಕ್ಕಳು ಪುಣೆಯ ಬಾಲಭಾರತಿಯವರು ಅಚ್ಚು ಹಾಕಿಸಿದ ಕನ್ನಡ ಪುಸ್ತಕಗಳನ್ನು ಓದುತ್ತಾರೆ. ಮಳೆ ಕಡಿಮೆಯಾದ ಈ ಸೀಮೆಗೆ ಉತ್ತರದಲ್ಲಿ ಮಂಗಳವೇಢೆ, ಪೂರ್ವದಲ್ಲಿ ವಿಜಯಪುರ ಜಿಲ್ಲೆಯ ಚಡಚಣ, ಹಲಸಂಗಿಗಳು ನೆರೆಹೊರೆ. ಕುರುಬರ ಡೊಳ್ಳಿನ ಹಾಡು, ಶರಣರ ಪರಂಪರೆ, ಗರತಿಯರ ಬೀಸುವ ಪದ ಇವು ಮೂರೂ ಕೂಡುವ ಎಡೆ ಇದು. ಕಳೆದುಹೋದ ಬಂಧುತ್ವವನ್ನು ಕುರಿತು ಈ ಮೂರಕ್ಕೂ ಹೇಳತಕ್ಕದ್ದಿದೆ.

ಗಡಿನಾಡಿನ ಕನ್ನಡಿಗರನ್ನು ಕುರಿತು ಮಾತನಾಡುವಾಗ ಅವರನ್ನು ತಾಯಿಯಿಂದ ಅಗಲಿದ ತಬ್ಬಲಿಗಳೆಂದು ಕರೆದು ಮರುಗುವ ವಾಡಿಕೆಯೊಂದು ನಮ್ಮ ಸಭೆಗಳಲ್ಲಿ ಬೆಳೆದುಬಂದಿದೆ. ಗಡಿ ವಿವಾದವನ್ನು ವಿಚಾರಿಸಿದ ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಂದಿನಿಂದಲೂ, 2012ರಲ್ಲಿ ನೀರಿನ ಬವಣೆಯಿಂದ ಬೇಸತ್ತ ಜತ್ತದ ಗ್ರಾಮಗಳು ಕರ್ನಾಟಕವನ್ನು ಸೇರುವ ಮಾತನ್ನಾಡಿದಾಗಲೂ, 2022ರಲ್ಲಿ ಆ ಮಾತು ಎರಡೂ ರಾಜ್ಯಗಳಲ್ಲಿ ಮತ್ತೆ ಎದ್ದಾಗಲೂ ಈ ಉಪಮೆ ಕಿವಿಗೆ ಬಿದ್ದಿದೆ. ಮರುಗುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಆ ಉಪಮೆಯನ್ನು ನಾನು ಒಪ್ಪಲಾರೆ. ಯಾವ ಊರಿನಲ್ಲಿ ಅಜ್ಜಿ ಕನ್ನಡದಲ್ಲಿ ಕಥೆ ಹೇಳುತ್ತಾಳೋ, ಡೊಳ್ಳಿನ ಮೇಳದವರು ಬೆಳತನಕ ಕನ್ನಡದಲ್ಲಿ ಹಾಡುತ್ತಾರೋ, ದೇವರ ಮುಂದೆ ಕನ್ನಡದಲ್ಲಿ ಹರಕೆ ಹೊರುತ್ತಾರೋ ಆ ಊರು ತಬ್ಬಲಿಯಲ್ಲ. ನಿಜವಾದ ತಬ್ಬಲಿತನವು ಒಂದು ಮಗುವಿಗೆ ಒದಗುವ ದುಃಖ. ಅದನ್ನು ಆ ಮಗುವಿಗಾಗಿಯೇ ಮೀಸಲಿಟ್ಟು ನೋಡೋಣ.

ಮೊದಲು ಕುರುಬರ ದೈವವಾದ ಬೀರಪ್ಪನ ಕಥೆ. ಜತ್ತ, ಮಂಗಳವೇಢೆ, ಇಂಡಿ, ಚಡಚಣಗಳ ಹಾಲುಮತದವರು ಡೊಳ್ಳಿನೊಡನೆ ಹಾಡುವ ಈ ಕಥೆಯ ವಿವರಗಳು ಮೇಳದಿಂದ ಮೇಳಕ್ಕೆ ವ್ಯತ್ಯಾಸವಾಗುವುದುಂಟು. ಆದರೆ ತಿರುಳು ಒಂದೇ. ಸುರಾವತಿಯ ಗರ್ಭದಲ್ಲಿ ಹುಟ್ಟಿದ ಕೂಸು ಸೋದರಮಾವನಿಗೆ ಕಂಟಕವಾಗುವುದೆಂಬ ಭೀತಿಯಿಂದ, ಕಣ್ಣು ತೆರೆಯುವ ಮುನ್ನವೇ ತಾಯಿಯ ಮಡಿಲಿನಿಂದ ಬೇರೆಯಾಗಿ ಅಡವಿಯ ಪಾಲಾಗುತ್ತದೆ. ಮನುಷ್ಯರ ಸುಳಿವಿಲ್ಲದ ಆ ಅರಣ್ಯದಲ್ಲಿ, ಮರದ ಕೊಂಬೆಗೆ ತೂಗುಬಿದ್ದ ತೊಟ್ಟಿಲಿನೊಳಗಿಂದ ಕೇಳಿಬಂದ ಅಳುವನ್ನು ಹಿಂಬಾಲಿಸಿ ಅಕ್ಕ ಮಾಯವ್ವನು ಬರುತ್ತಾಳೆ, ಕೂಸನ್ನು ಎತ್ತಿಕೊಳ್ಳುತ್ತಾಳೆ, ಸಾಕುತ್ತಾಳೆ. ಹುಡುಗ ಬೆಳೆಯುತ್ತಾನೆ, ಕುರಿ ಕಾಯುತ್ತಾನೆ, ತನ್ನ ಹುಟ್ಟನ್ನು ತಿಳಿಯುತ್ತಾನೆ, ಯಾವ ಮಾವನ ಭಯದಿಂದ ತಾನು ಅಡವಿಗೆ ಬಿದ್ದೆನೋ ಆ ಮಾವನ ಮಗಳಾದ ಕನ್ನಿಕಾಮವ್ವನನ್ನೇ ಅನೇಕ ಸಂಕಟಗಳನ್ನು ದಾಟಿ ವರಿಸುತ್ತಾನೆ.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದು ನಿಲ್ಲಿಸಿರುವ ಅಂಶವೊಂದಿದೆ. ಕೂಸನ್ನು ಎತ್ತಿಕೊಂಡವಳು, ಉಣಿಸಿದವಳು, ತೂಗಿದವಳು, ರಾತ್ರಿಯೆಲ್ಲ ಎಚ್ಚರವಿದ್ದು ಕಾದವಳು ಮಾಯವ್ವ. ತಾಯಿಯ ಕೆಲಸಗಳನ್ನೆಲ್ಲ ಮಾಡಿದವಳು ಅವಳೇ. ಆದರೂ ಹಾಡಿನಲ್ಲಿ ಅವಳು ಬೀರಪ್ಪನಿಗೆ ಅಕ್ಕನಾಗಿಯೇ ಉಳಿಯುತ್ತಾಳೆ. ಹೆತ್ತವಳ ಸ್ಥಾನವನ್ನು ಅವಳು ಆಕ್ರಮಿಸಿಕೊಳ್ಳುವುದಿಲ್ಲ. ಅದನ್ನು ಹಾಗೆಯೇ ತೆರವಾಗಿ ಬಿಟ್ಟು, ಅದರ ಪಕ್ಕದಲ್ಲಿ ತಾನು ಕೂರುತ್ತಾಳೆ. ಆದುದರಿಂದಲೇ ಹುಡುಗನು ತನ್ನ ಮೂಲವನ್ನು ಅರಸಿ ಹೊರಟಾಗ ಸಾಕಿದವಳಿಗೆ ದ್ರೋಹ ಮಾಡಿದಂತಾಗುವುದಿಲ್ಲ, ಮರಳಿ ಬಂದಾಗ ಪಶ್ಚಾತ್ತಾಪದ ಅಗತ್ಯವೂ ಬೀಳುವುದಿಲ್ಲ. ಅನಾಥ ಶಿಶುವಿನ ಮನಸ್ಸಿನಲ್ಲಿ ಏಳುವ ಅತ್ಯಂತ ಕಠಿಣವಾದ ಸಂದೇಹವನ್ನು, ಎಂದರೆ ಕಳೆದುಹೋದವರನ್ನು ನೆನೆದರೆ ಇರುವವರಿಗೆ ನೋವಾದೀತೇ ಎಂಬ ಸಂದೇಹವನ್ನು, ಓದುಬರಹವಿಲ್ಲದ ಹಾಡುಗಾರರು ಇಷ್ಟು ಸೂಕ್ಷ್ಮವಾಗಿ ಬಿಡಿಸಿಟ್ಟಿರುವುದನ್ನು ಕಂಡು ನನಗೆ ಗೌರವ ಹುಟ್ಟುತ್ತದೆ.

ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ದೀಪಾವಳಿಯ ಕಾಲಕ್ಕೆ ಗುರು ಬೀರಪ್ಪನ ಪಲ್ಲಕ್ಕಿಗೂ ಶಿಷ್ಯ ಮಾಳಿಂಗರಾಯನ ಪಲ್ಲಕ್ಕಿಗೂ ಭೇಟಿಯಾಗುವುದು, ಸುತ್ತಣ ಊರುಗಳ ಪಲ್ಲಕ್ಕಿಗಳೂ ಬಂದು ಕೂಡುವುದು, ಭಂಡಾರ ಹಾರಿಸಿ ಸಾವಿರಾರು ಜನ ಆ ಭೇಟಿಯನ್ನು ಕಣ್ತುಂಬ ನೋಡುವುದು ಈ ಸೀಮೆಯ ದೊಡ್ಡ ಉತ್ಸವ. ಅಡವಿಯಲ್ಲಿ ಒಂಟಿಯಾಗಿ ಅತ್ತ ಶಿಶುವಿಗೆ ವರ್ಷಕ್ಕೊಮ್ಮೆ ಇಡೀ ನಾಡೇ ನೆಂಟನಾಗಿ ಬರುವ ಏರ್ಪಾಡಾಗಿ ನಾನು ಅದನ್ನು ಭಾವಿಸಿದ್ದೇನೆ.

ತುಳುನಾಡಿನ ಪಾಡ್ದನದಲ್ಲಿಯೂ ಇದೇ ರಚನೆ ಕಾಣುವುದು ಅಚ್ಚರಿಯ ಸಂಗತಿ. ಕಾಡಿನಲ್ಲಿ ಪರಿತ್ಯಕ್ತಳಾದ ದೇಯಿಯನ್ನು ಕಂಡ ಸಾಯನ ಬೈದ್ಯನು ಅವಳನ್ನು ತಂಗಿಯೆಂದು ಕರೆದು ಮನೆಗೆ ಕರೆತರುತ್ತಾನೆ. ಅವಳು ಕೋಟಿ ಚೆನ್ನಯರನ್ನು ಹೆತ್ತು ತೀರಿಕೊಂಡಾಗ ಆ ಅವಳಿ ಮಕ್ಕಳಿಗೆ ಅವನು ಸೋದರಮಾವನಾಗುತ್ತಾನೆ. ಇಲ್ಲಿಯೂ ಸಾಕಿದವನು ತಂದೆತಾಯಿಯ ಪಟ್ಟವನ್ನು ಕೇಳಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಊರು ಬಿಟ್ಟ ಸೋದರರು ಪಂಜದ ಸೀಮೆಯಲ್ಲಿ ದಾಹವೆಂದು ನೀರು ಬೇಡಿದ ಮನೆಯ ಗೃಹಿಣಿ ಅವರು ಎಂದೂ ಕಾಣದ ಸ್ವಂತ ಅಕ್ಕ ಕಿನ್ನಿದಾರು. ತಮ್ಮ ತಾಯಿ ಯಾರು, ಹುಟ್ಟು ಹೇಗಾಯಿತು, ಬೆಳೆದುದು ಎಲ್ಲಿ ಎಂದು ಹೇಳುತ್ತ ಕೇಳುತ್ತ ಇರುವಾಗ ಗುರುತು ಸಿಕ್ಕುತ್ತದೆ. ಉಂಗುರದಿಂದಲ್ಲ, ಮಚ್ಚೆಯಿಂದಲ್ಲ, ತಮ್ಮ ಕಥೆಯನ್ನು ತಾವೇ ಬಲ್ಲವರಾದುದರಿಂದ ಅವರು ಬಂಧುವನ್ನು ಪಡೆದರು. ಮಕ್ಕಳ ಸಾಹಿತ್ಯಕ್ಕೆ ಬುನಾದಿ ಹಾಕಿದ ಪಂಜೆ ಮಂಗೇಶರಾಯರು ಈ ವೃತ್ತಾಂತವನ್ನು ಕನ್ನಡ ಗದ್ಯಕ್ಕೆ ತಂದುದು ನಮ್ಮ ಭಾಗ್ಯ. ಅಕ್ಕತಮ್ಮಂದಿರ ಆ ಭೇಟಿಗೆ ಸಮನಾದ ಪ್ರಸಂಗ ಕನ್ನಡದ ಮಕ್ಕಳ ಓದಿನಲ್ಲಿ ವಿರಳವೆಂದೇ ನನ್ನ ತೀರ್ಮಾನ.

ಪುರಾಣ ಕಾವ್ಯಗಳ ಕಡೆಗೆ ತಿರುಗಿದರೆ ಎರಡು ಧ್ರುವಗಳು ಎದ್ದು ಕಾಣುತ್ತವೆ. ಒಂದು, ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸ. ಕೇರಳದ ರಾಜಪುತ್ರನಾದ ಈತನು ತಂದೆತಾಯಿಗಳನ್ನು ಕಳೆದುಕೊಂಡು, ದಾದಿಯ ಕೈಯಲ್ಲಿ ಕುಂತಳ ನಗರಕ್ಕೆ ಬಂದು, ಆ ದಾದಿಯನ್ನೂ ಕಳೆದುಕೊಂಡು ಬೀದಿಯ ಕೂಸಾಗುತ್ತಾನೆ. ಕೊಲ್ಲಲೆಂದು ಒಯ್ದವರು ಮರುಕಗೊಂಡು ಆರನೆಯ ಕಾಲ್ಬೆರಳನ್ನು ಮಾತ್ರ ಕತ್ತರಿಸಿ ಬಿಡುತ್ತಾರೆ, ಕುಳಿಂದನು ಮಗನೆಂದು ಸಾಕುತ್ತಾನೆ. ಇನ್ನೊಂದು, ಪಂಪನು 941ರಲ್ಲಿ ಮುಗಿಸಿದ ವಿಕ್ರಮಾರ್ಜುನ ವಿಜಯದ ಕರ್ಣ. ಹೊಳೆಯಲ್ಲಿ ತೇಲಿಬಂದ ಈ ಮಗುವಿಗೂ ಹೆತ್ತವಳು ಸಿಕ್ಕುತ್ತಾಳೆ. ಆದರೆ ಸಿಕ್ಕುವ ಹೊತ್ತಿಗೆ ಬದುಕಿನ ದಾರಿಗಳೆಲ್ಲ ಕವಲೊಡೆದು ದೂರವಾಗಿರುತ್ತವೆ. ಚಂದ್ರಹಾಸನ ಕಥೆಯನ್ನು ಎಂಟು ವರ್ಷದ ಮಗುವಿಗೆ ಹೇಳಬಹುದು. ಕರ್ಣನ ಕಥೆಯನ್ನು ಸ್ವಲ್ಪ ದೊಡ್ಡವರಾದ ಮೇಲೆ ಹೇಳಬೇಕು, ಆದರೆ ಹೇಳದೆ ಇರಬಾರದು. ಏಕೆಂದರೆ ಹುಡುಕಿದುದು ದೊರೆತರೂ ದುಃಖ ತೀರದಿರಬಹುದೆಂಬ ಸತ್ಯವನ್ನು ಆ ಕಥೆಯಷ್ಟು ಘನತೆಯಿಂದ ಇನ್ನಾವುದೂ ತಿಳಿಸಲಾರದು. ಗೋವಿನ ಹಾಡು ಇವೆರಡರ ನಡುವೆ ನಿಲ್ಲುತ್ತದೆ. ಪುಣ್ಯಕೋಟಿ ಹುಲಿಯ ಬಳಿಗೆ ಮರಳುವ ಮುನ್ನ ಕರುವನ್ನು ಓರಗೆಯ ಹಸುಗಳಿಗೆ ಒಪ್ಪಿಸುವ ಭಾಗವೇ ಮಕ್ಕಳನ್ನು ಅಳಿಸುವುದು, ಅದೇ ಅವರಿಗೆ ಧೈರ್ಯವನ್ನೂ ಕೊಡುವುದು: ತಾಯಿ ಹೋದರೂ ಕೊಟ್ಟಿಗೆಯಲ್ಲಿ ಕರುವಿಗೆ ಎಡೆಯಿದೆ.

ಶರಣರ ಸಂಗತಿ ಬೇರೆ ರೀತಿಯದು. ಜತ್ತಕ್ಕೆ ಅನತಿದೂರದ ಮಂಗಳವೇಢೆಯು ಬಿಜ್ಜಳನ ಆಳ್ವಿಕೆಗೂ ಬಸವಣ್ಣನವರ ವೃತ್ತಿಜೀವನದ ಆರಂಭಕ್ಕೂ ಸಂಬಂಧಪಟ್ಟ ಸ್ಥಳ. ಹುಟ್ಟಿದ ಮನೆಯ ಸಂಸ್ಕಾರವನ್ನು ತೊರೆದು ಹೊರಟ ಬಸವಣ್ಣನವರು ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಹಿರಿಯರೆಂದು ಎಣಿಸಿಕೊಂಡರು; ಬಂದವರ ಕುಲವನ್ನು ವಿಚಾರಿಸದೆ ಅವರನ್ನು ಮನೆಮಗನಂತೆ ಕಾಣಬೇಕೆಂಬುದು ಅವರ ನಿಲುವು. ಬಂಧುತ್ವವನ್ನು ಹುಟ್ಟಿನಿಂದ ಪಡೆಯುವುದರ ಜೊತೆಗೆ ಮನಸ್ಸಿನಿಂದ ಆರಿಸಿಕೊಳ್ಳಲೂ ಬಹುದೆಂಬ ಈ ವಿಚಾರವು ಜತ್ತದವರಿಗೆ ಪುಸ್ತಕದಿಂದ ಬಂದುದಲ್ಲ. ಇದೇ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮನು ಕಲ್ಯಾಣಕ್ಕೆ ಹೋಗಿ ದಾನಮ್ಮನಾಗಿ ಕಡೆಗೆ ಗುಡ್ಡಾಪುರದಲ್ಲಿ ನೆಲೆಸಿದಳೆಂದು ಜನ ನಂಬಿದ್ದಾರೆ. ಛಟ್ಟಿ ಅಮಾವಾಸ್ಯೆಗೆ ಕರ್ನಾಟಕದ ದೂರದ ಊರುಗಳಿಂದಲೂ ಕಾಲ್ನಡಿಗೆಯಲ್ಲಿ ಬರುವ ಭಕ್ತರಿಗೆ ದಾರಿಯುದ್ದಕ್ಕೂ ಅನ್ನ ನೀರು ಇಟ್ಟು ಉಪಚರಿಸುವ ಹಳ್ಳಿಗರನ್ನು ಕಂಡವರಿಗೆ, ಅಪರಿಚಿತನನ್ನು ಬಂಧುವೆಂದು ಬಗೆಯುವುದು ಇಲ್ಲಿ ಆಚರಣೆಯಲ್ಲಿಯೇ ಇರುವ ಸಂಗತಿಯೆಂದು ತಿಳಿಯದಿರದು.

ಗರತಿಯರ ಪದಗಳ ವಿಷಯವನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. ಉಮದಿಯ ಗಡಿಯಾಚೆಗೆ ಇರುವ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿ ಬೀಸುವ ಕಲ್ಲಿನ ಬಳಿ ಹುಟ್ಟಿದ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಲೋಕಕ್ಕೆ ಕೊಟ್ಟರು. ತಾಯಿಯಿಲ್ಲದ ತವರಿಗೆ ಹೋದ ಮಗಳ ಸಂಕಟ ಆ ಪದಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮದುವೆಯಾಗಿ ಮಕ್ಕಳ ತಾಯಿಯಾದವಳೂ ತನ್ನ ಹಡೆದವ್ವನಿಗಾಗಿ ಹಂಬಲಿಸುವಳೆಂಬುದನ್ನು ಕೇಳುತ್ತ ತೊಡೆಯ ಮೇಲೆ ಮಲಗಿದ ಕೂಸಿಗೆ ತಬ್ಬಲಿತನವು ತನ್ನೊಬ್ಬನ ನಾಚಿಕೆಯಲ್ಲವೆಂದು ತಿಳಿಯುತ್ತಿತ್ತು. ಅಣ್ಣನು ಎತ್ತಿನ ಬಂಡಿಯೊಡನೆ ಕರೆಯಲು ಬರುವನೆಂದು ದಾರಿ ನೋಡುವ ಹೆಣ್ಣಿನ ಆಸೆ ಈ ಪದಗಳ ಭರವಸೆ. ಅದು ಈಡೇರಿತೋ ಇಲ್ಲವೋ ಎಂದು ಅನೇಕ ಪದಗಳು ಹೇಳುವುದೇ ಇಲ್ಲ.

ಪಾಶ್ಚಾತ್ಯ ಸಾಹಿತ್ಯದಲ್ಲಿ ಈ ಕಥೆಗೆ ಬೇರೆಯೊಂದು ಒಲವು ಇದೆ. ಫ್ರಾನ್ಸಿನ ಹೆಕ್ಟರ್ ಮಾಲೋ 1878ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ರೆಮಿಯೆಂಬ ಸಿಕ್ಕ ಮಗು ವಿತಾಲಿಸನೆಂಬ ಬೀದಿಗಾಯಕನೊಡನೆ ನಾಯಿಗಳನ್ನೂ ಕೋತಿಯನ್ನೂ ಕಟ್ಟಿಕೊಂಡು ಊರೂರು ತಿರುಗಿ, ಸುಳ್ಳು ಕುಟುಂಬವೊಂದರ ಬಲೆಗೆ ಬಿದ್ದು ಪಾರಾಗಿ, ಕಡೆಗೆ ಶ್ರೀಮಂತಳಾದ ತಾಯಿಯನ್ನು ಸೇರುತ್ತಾನೆ; ಅದಕ್ಕಿಂತ 4 ದಶಕಗಳ ಹಿಂದೆ ಡಿಕನ್ಸನ ಆಲಿವರ್ ಟ್ವಿಸ್ಟನೂ ಅಂತೆಯೇ ಮನೆತನದ ಪಾಲನ್ನು ಪಡೆದನು. ಬಂಧುಗಳು ಸಿಕ್ಕುವುದೆಂದರೆ ಆಸ್ತಿಯೂ ಹೆಸರೂ ಸಿಕ್ಕುವುದೆಂಬ ಎಣಿಕೆ ಇವುಗಳಲ್ಲಿ ಅಡಗಿದೆ. ನಮ್ಮ ಕಥೆಗಳೂ ಈ ದೋಷದಿಂದ ಪೂರ್ಣ ಮುಕ್ತವಲ್ಲ: ಬೀರಪ್ಪನು ದೈವಾಂಶ, ಚಂದ್ರಹಾಸನು ರಾಜಕುಮಾರ, ಕರ್ಣನು ಸೂರ್ಯಪುತ್ರ. ಯಾವ ವಿಶೇಷವೂ ಇಲ್ಲದ, ಹಣೆಯಲ್ಲಿ ರಾಜಲಕ್ಷಣವಿಲ್ಲದ, ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುವ ಪರದೇಶಿ ಹುಡುಗನೊಬ್ಬನೂ ತನ್ನವರನ್ನು ಪಡೆಯಲು ಅರ್ಹನೆಂದು ಹೇಳುವ ಕಥೆ ನಮಗೆ ಬೇಕಾಗಿದೆ.

ಜತ್ತದಲ್ಲಿ ಈ ಬೇಡಿಕೆಗೆ ವರ್ತಮಾನದ ಒತ್ತಾಯವೂ ಇದೆ. ದೀಪಾವಳಿ ಕಳೆಯುತ್ತಲೂ ಮುಕಾದಮನಿಂದ ಮುಂಗಡ ಪಡೆದ ಕಬ್ಬು ಕಡಿಯುವ ಟೋಳಿಗಳು ಟ್ರ್ಯಾಕ್ಟರ್ ಏರಿ ಪಶ್ಚಿಮದ ಸಕ್ಕರೆ ಕಾರ್ಖಾನೆಗಳ ಕಡೆಗೆ ಹೊರಡುತ್ತವೆ. ಗಂಡಹೆಂಡಿರು ಕೂಡಿ ದುಡಿಯಬೇಕಾದುದರಿಂದ ಚಿಕ್ಕ ಮಕ್ಕಳು ಒಂದೋ ಶಾಲೆ ಬಿಟ್ಟು ಗದ್ದೆಯ ಬದುವಿನ ಗುಡಿಸಲಿಗೆ ಹೋಗುತ್ತಾರೆ, ಇಲ್ಲವೆ ಅಜ್ಜ ಅಜ್ಜಿಯರ ಬಳಿ ಹಂಗಾಮು ಮುಗಿಯುವವರೆಗೆ ಉಳಿಯುತ್ತಾರೆ. ತಂದೆತಾಯಿ ಬದುಕಿದ್ದೂ ಕಣ್ಣೆದುರಿಗಿಲ್ಲದ ಈ ಮಕ್ಕಳಿಗೆ, ಇಟಲಿಯ ದ ಅಮಿಚಿಸ್ 1886ರಲ್ಲಿ ಬರೆದ ಮಾರ್ಕೋ ಎಂಬ ಹುಡುಗ ಹತ್ತಿರದವನಾಗಿ ತೋರುತ್ತಾನೆ. ದುಡಿಮೆಗಾಗಿ ಆರ್ಜೆಂಟೀನಕ್ಕೆ ಹೋದ ತಾಯಿಯ ಪತ್ರ ನಿಂತುಹೋದಾಗ ಆ 13 ವರ್ಷದ ಬಾಲಕ ಜಿನೋವಾದಿಂದ ಒಬ್ಬನೇ ಹಡಗೇರಿ, ಊರಿಂದೂರಿಗೆ ವಿಚಾರಿಸುತ್ತ ಹೋಗಿ, ಕಾಯಿಲೆಯಿಂದ ಮಲಗಿದ ಅವಳನ್ನು ಮುಟ್ಟುತ್ತಾನೆ. ಮಗನನ್ನು ಕಂಡು ಅವಳು ಬದುಕುವ ಮನಸ್ಸು ಮಾಡುತ್ತಾಳೆ. ಬಡವರ ಮನೆಯ ಅಗಲಿಕೆಗೆ ಶಾಪವಾಗಲಿ ದೈವವಾಗಲಿ ಕಾರಣವಲ್ಲ, ಹೊಟ್ಟೆಪಾಡು ಕಾರಣ ಎಂಬುದನ್ನು ಆ ಕಥೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದೆ.

ವಾಸ್ತವದ ಬದುಕು ಈ ಕಥೆಗಳಿಗೆ ಏನು ಸಾಕ್ಷ್ಯ ನುಡಿಯುತ್ತದೆ? 1986ರಲ್ಲಿ ರೈಲಿನಲ್ಲಿ ನಿದ್ದೆಹೋಗಿ ಮಧ್ಯಪ್ರದೇಶದಿಂದ ಕಲ್ಕತ್ತೆಗೆ ಸೇರಿದ ಸರೂ ಎಂಬ ಬಾಲಕ, ಆಸ್ಟ್ರೇಲಿಯದ ದಂಪತಿಗಳ ಮಗನಾಗಿ ಬೆಳೆದು, ಉಪಗ್ರಹದ ಚಿತ್ರಗಳಲ್ಲಿ ತನ್ನ ಊರಿನ ನಿಲ್ದಾಣವನ್ನು ಹುಡುಕಿ, 2012ರಲ್ಲಿ ಖಾಂಡ್ವದಲ್ಲಿ ತಾಯಿಯ ಮುಂದೆ ನಿಂತುದು ಜಗತ್ತಿಗೆ ತಿಳಿದ ಸಂಗತಿ. ಸಾಕಿದವರನ್ನು ಅವನು ಬಿಟ್ಟುಕೊಡಲಿಲ್ಲ. ಎರಡು ಮನೆಗಳೂ ಅವನವಾದವು. ಆದರೆ ಇಂತಹ ಭೇಟಿ ಎಲ್ಲರಿಗೂ ಒದಗುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರೂ ಅನಾಥರೂ ಆದ ಮಕ್ಕಳಿಗೆ ಅನ್ನದೊಡನೆ ಸ್ವರವನ್ನೂ ಕೊಟ್ಟು ಬೆಳೆಸಿದ ಪುಟ್ಟರಾಜ ಗವಾಯಿಗಳು (1914–2010) ಸ್ವತಃ ಶೈಶವದಲ್ಲಿಯೇ ತಂದೆಯನ್ನೂ ಕಣ್ಣಿನ ಬೆಳಕನ್ನೂ ಕಳೆದುಕೊಂಡು, ಸೋದರಮಾವನ ಆರೈಕೆಯಲ್ಲಿ ಬೆಳೆದು, ಪಂಚಾಕ್ಷರಿ ಗವಾಯಿಗಳ ಕೈಹಿಡಿದವರು. ಅಲ್ಲಿಯ ಮಗುವೊಂದಕ್ಕೆ ಹೆತ್ತವರು ದೊರೆಯದೆ ಹೋಗಬಹುದು. ದಿನವೂ ಹೆಸರು ಹಿಡಿದು ಕರೆಯುವ ಕಂಠ ದೊರೆಯುತ್ತದೆ.

ಆದುದರಿಂದ ಭರವಸೆಯ ಪ್ರಶ್ನೆಗೆ ನನ್ನ ಉತ್ತರ ಇದು: ತೀರಿಕೊಂಡ ತಾಯಿ ಮರಳಿ ಬರುವಳೆಂಬ ವಚನವನ್ನು ಮಗುವಿಗೆ ಕೊಡುವ ಅಧಿಕಾರ ಕಥೆಗಾರನಿಗಿಲ್ಲ. ಅಳುವ ಧ್ವನಿಯನ್ನು ಹಿಂಬಾಲಿಸಿ ಒಬ್ಬರಾದರೂ ಬರುವರು, ನಿನ್ನ ಕಥೆಯನ್ನು ನೀನು ಮರೆಯದಿದ್ದರೆ ಅದನ್ನು ಗುರುತಿಸುವವರು ಇರುವರು ಎಂಬಷ್ಟನ್ನು ಮಾತ್ರ ಅವನು ಹೇಳಬಲ್ಲನು, ಹೇಳಬೇಕು. ಅನಾಥ ಮಕ್ಕಳ ಎದುರಿಗೆ ತಬ್ಬಲಿಯ ಕಥೆಯನ್ನೇ ಹೇಳಬಾರದು, ಅವರ ಗಾಯ ಕೆದರೀತು ಎಂದು ಹಿಂಜರಿಯುವ ಸಜ್ಜನರಿದ್ದಾರೆ. ಹೇಳದೆ ಬಿಟ್ಟ ದುಃಖವು ಮಗುವಿನೊಳಗೆ ಇಲ್ಲವಾಗುವುದಿಲ್ಲ, ಭಾಷೆಯಿಲ್ಲದೆ ಉಳಿಯುತ್ತದೆ ಅಷ್ಟೆ. ಆ ಕಾರಣದಿಂದ ಅವರ ಅಭಿಪ್ರಾಯಕ್ಕೆ ನಾನು ಸಮ್ಮತಿಸಲಾರೆ.

ಆಧುನಿಕ ಕನ್ನಡ ಶಿಶುಸಾಹಿತ್ಯವು ಈ ದಿಕ್ಕಿನಲ್ಲಿ ಮಾಡಿದುದಕ್ಕಿಂತ ಮಾಡಬೇಕಾದುದೇ ಹೆಚ್ಚು. ರಾಜರತ್ನಂ ಅವರ ಪದ್ಯಗಳ ಲಾಲಿತ್ಯವನ್ನಾಗಲಿ, ನಮ್ಮ ನೆರೆಯ ವಿಜಯಪುರ ಜಿಲ್ಲೆಯ ಶಂ. ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ, ಸಿಸು ಸಂಗಮೇಶರ ಸೇವೆಯನ್ನಾಗಲಿ ಕಡಿಮೆಯೆಂದು ಯಾರೂ ಎಣಿಸಲಾರರು. ಆದರೆ ಆಟ, ಪ್ರಾಸ, ನೀತಿಗಳಲ್ಲಿ ಶ್ರೀಮಂತವಾದ ಈ ಸಾಹಿತ್ಯವು ಮಗುವಿನ ದೊಡ್ಡ ದುಃಖದ ಬಳಿ ಹೋಗಲು ಅಳುಕಿದೆ. ಮರಾಠಿಯಲ್ಲಿ ಸಾನೆ ಗುರೂಜಿಯವರ 'ಶ್ಯಾಮಚಿ ಆಯಿ' 1935ರಿಂದಲೂ ತೀರಿಹೋದ ತಾಯಿಯನ್ನು ಮನೆಮನೆಯ ಮಕ್ಕಳ ನಡುವೆ ಜೀವಂತವಾಗಿ ಇರಿಸಿದೆ. ಆ ಭಾಷೆಯನ್ನೂ ಬಲ್ಲ ಜತ್ತದ ಕನ್ನಡ ಶಿಕ್ಷಕರಿಗೆ ಅದರ ಬೆಲೆ ತಿಳಿಯದುದಲ್ಲ.

ಅವರಲ್ಲಿಯೇ ನನ್ನ ಬಿನ್ನಹ. ದೀಪಾವಳಿಯ ರಜೆಯಲ್ಲಿ ಅಜ್ಜಿಯರ ಬಳಿ ಉಳಿಯುವ ಮಕ್ಕಳಿಗೆ, ತಮ್ಮ ಊರಿನ ಡೊಳ್ಳಿನ ಮೇಳದವರ ಬಾಯಿಂದ ಬೀರಪ್ಪನ ಬಾಲ್ಯದ ಕಥೆಯನ್ನು ಕೇಳಿ, ಅವರು ಹಾಡಿದಂತೆಯೇ, ಉಮದಿಯ ಮಾತನ್ನು ಉಮದಿಯ ಮಾತಿನಲ್ಲಿಯೂ ಸಂಖದ ಮಾತನ್ನು ಸಂಖದ ಮಾತಿನಲ್ಲಿಯೂ ವಹಿಯಲ್ಲಿ ಬರೆದು ತರಲು ಹೇಳಿರಿ. ಹಾಗೆ ಬಂದ ಬರಹಗಳನ್ನು ಕೂಡಿಸಿ, ಚಿತ್ರ ಬರೆಸಿ, ತಾಲೂಕಿನ ಪ್ರತಿ ಕನ್ನಡ ಶಾಲೆಗೂ ಒಂದೊಂದು ಪ್ರತಿಯನ್ನು ತಲುಪಿಸುವ ವೆಚ್ಚವನ್ನು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಕನ್ನಡ ಸಾಹಿತ್ಯ ಪರಿಷತ್ತೂ ವಹಿಸಿಕೊಳ್ಳಲಿ. ಹಾಡುವ ಹಿರಿಯರು ಇಂದು ನಮ್ಮ ನಡುವೆ ಇದ್ದಾರೆ. ಅವರ ವಯಸ್ಸನ್ನು ನೆನೆದು ಈ ಕೆಲಸವನ್ನು ಬರುವ ಹಂಗಾಮಿನಲ್ಲಿಯೇ ಆರಂಭಿಸಬೇಕೆಂದು ಕೇಳಿಕೊಳ್ಳುತ್ತೇನೆ.